ಬ್ರಿಟನ್‌ನ ಡಿಜಿಟಲ್ ಐಡಿ: ಸ್ಕ್ರೀನ್ "ಇಲ್ಲ" ಅಂದ್ರೆ ಮನುಷ್ಯನ ಮಾತಿಗೆ ಬೆಲೆ ಇದೆಯಾ?

ಲೆಸ್ಟರ್ ಕನ್ನಡತಿ:

ಈ ದೇಶದಲ್ಲಿ ಕೆಲಸ ಮಾಡಬೇಕು ಅಂದ್ರೆ ಡಿಜಿಟಲ್ ಐಡಿ, ಅಂದರೆ ಫೋನಿನಲ್ಲಿ ಇರುವ ಸರ್ಕಾರಿ ಗುರುತಿನ ಚೀಟಿ, ಇರಲೇಬೇಕು ಅಂತ ಪ್ರಧಾನಿ ಕೀರ್ ಸ್ಟಾರ್ಮರ್ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗ ಇಲ್ಲಿ ದೊಡ್ಡ ಗಲಾಟೆಯೇ ಆಯಿತು. ಬೇಡ ಅಂತ ಪಾರ್ಲಿಮೆಂಟಿಗೆ ಹಾಕಿದ ಅರ್ಜಿಗೆ 29 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಡಿಸೆಂಬರ್ 8ಕ್ಕೆ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಅದರ ಮೇಲೆ ಚರ್ಚೆ ನಡೆಯಿತು. 2026ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿದು, ಇದೊಂದೇ ಐಡಿ ಕಡ್ಡಾಯ ಅಂತೇನಿಲ್ಲ ಅಂದಿತು. ಕೆಲಸ ಮಾಡುವ ಹಕ್ಕು ಇದೆಯಾ ಅನ್ನೋ ತಪಾಸಣೆ ಮಾತ್ರ ಇದ್ದೇ ಇರುತ್ತದೆ, ಅದೂ ಡಿಜಿಟಲ್ ಆಗಿಯೇ.

ನಮ್ಮ ಜನ ತುಂಬಾ ಮಂದಿ "ಸದ್ಯ, ಮುಗೀತಲ್ಲ" ಅಂತಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ವೀಸಾ ಮೇಲಿರುವ ನಮಗೆ ಡಿಜಿಟಲ್ ಐಡಿ ಆಗಲೇ ಬಂದು ಕೂತಿದೆ. ಅದರ ಹೆಸರು ಇ-ವೀಸಾ. ಇಲ್ಲಿ ಇರಲು ಅನುಮತಿ ಇದೆ ಅಂತ ತೋರಿಸಲು ಬಿಆರ್‌ಪಿ ಅಂತ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ವ್ಯವಸ್ಥೆ ಸಿದ್ಧವಿಲ್ಲದೆ, ಹಳೇ ಕಾರ್ಡ್ ತೋರಿಸಿ ಪ್ರಯಾಣ ಮಾಡುವ ಗಡುವನ್ನು ಮೊದಲು 2025ರ ಮಾರ್ಚ್‌ವರೆಗೆ, ಆಮೇಲೆ ಜೂನ್ 1ರವರೆಗೆ ಮುಂದೂಡಿದರು. ಆಗ ಯಾರೂ ಲಕ್ಷಗಟ್ಟಲೆ ಸಹಿ ಹಾಕಲಿಲ್ಲ. ಯಾಕೆಂದರೆ ಅದು ವಲಸಿಗರ ತಲೆನೋವಾಗಿತ್ತು, ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆ ಬಾಡಿಗೆಗೆ ಬೇಕಾದರೆ ಹೋಮ್ ಆಫೀಸಿನ, ಅಂದರೆ ಇಲ್ಲಿನ ಗೃಹ ಇಲಾಖೆಯ, ಸೈಟಿಗೆ ಲಾಗಿನ್ ಆಗಬೇಕು. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಆಮೇಲೆ ಫೋನಿಗೋ ಇ-ಮೇಲಿಗೋ ಬರುವ ಆರು ಅಂಕಿ. ಎಲ್ಲ ಸರಿಹೋದರೆ ಒಂಬತ್ತು ಅಕ್ಷರದ ಶೇರ್ ಕೋಡ್ ಸಿಗುತ್ತದೆ. ಕೆಲಸಕ್ಕಾದರೆ ಡಬ್ಲ್ಯೂನಿಂದ ಶುರು, ಬಾಡಿಗೆಗಾದರೆ ಆರ್‌ನಿಂದ. ಅದನ್ನು ಏಜೆಂಟ್ ಅವರ ಕಂಪ್ಯೂಟರಿನಲ್ಲಿ ಹಾಕಿದರೆ ನಮ್ಮ ಫೋಟೊ, ಇರಲು ಅನುಮತಿ ಎಲ್ಲಿಯವರೆಗೆ ಅನ್ನೋದು ಕಾಣಬೇಕು. ನಾವು ಮನೆ ಬದಲಾಯಿಸುವಾಗ ಎರಡು ಸಂಜೆ ಆ ಪುಟ ತೆರೆಯಲೇ ಇಲ್ಲ, "ಸೇವೆಯಲ್ಲಿ ತೊಂದರೆ ಇದೆ, ಆಮೇಲೆ ಪ್ರಯತ್ನಿಸಿ" ಅನ್ನೋ ಬಿಳಿ ಪುಟ ಮಾತ್ರ. ಏಜೆಂಟ್ ಹುಡುಗ ಒಳ್ಳೆಯವನೇ. ಆದರೆ ತಪ್ಪಾದರೆ ದಂಡ ಅವರ ಮೇಲೆ ಬೀಳುತ್ತದೆ. ಅವನು ಮನೆಯನ್ನು ಬೇರೆಯವರಿಗೆ ಕೊಟ್ಟ. ಆ ಬೇರೆಯವರು ಕೆಂಪು ಬ್ರಿಟಿಷ್ ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಟಿದ್ದರು, ಕೆಲಸ ಮುಗಿಯಿತು.

ನನ್ನ ಪ್ರಶ್ನೆ ಒಂದೇ. ಸರ್ಕಾರದ ಸ್ಕ್ರೀನ್ "ಇಲ್ಲ" ಅಂದಾಗ, "ಇದೆ" ಅಂತ ನಾನು ಯಾರ ಹತ್ತಿರ ಹೇಳಬೇಕು? ಆ ಹೊತ್ತಿನಲ್ಲಿ ನನಗೆ ಇರುವ ಹಕ್ಕು ಯಾವುದು?

ಜಯನಗರ ನಾಲ್ಕನೇ ಬ್ಲಾಕ್:

ಮೇಡಂ, ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ಬ್ರಿಟನ್‌ನವರು ಇದಕ್ಕೆ ಜಾಸ್ತಿಯೇ ಹೆದರುತ್ತಾರೆ ಅಂತ ನನಗೆ ಅನಿಸುತ್ತದೆ. ನಮ್ಮಲ್ಲಿ ಆಧಾರ್ ಬಂದ ಮೇಲೆ ಏನಾಯಿತು ನೋಡಿ. ನಮ್ಮ ಚಿಕ್ಕಮ್ಮನಿಗೆ ವಿಧವಾ ವೇತನ ಬರುತ್ತಿದ್ದಾಗ ಕೊಡುವವನಿಗೆ ಪ್ರತಿ ತಿಂಗಳೂ ಸ್ವಲ್ಪ ಬಿಡಬೇಕಿತ್ತು, ಬಾಯಿ ತೆರೆದರೆ ಮುಂದಿನ ತಿಂಗಳು ಬರುತ್ತಿರಲಿಲ್ಲ. ಈಗ ನೇರ ಖಾತೆಗೆ ಬರುತ್ತದೆ. ಸ್ವಂತ ಹೆಸರಿನಲ್ಲಿ ಒಂದು ಕಾಗದವೂ ಇಲ್ಲದ ಎಷ್ಟೋ ಹೆಂಗಸರಿಗೆ ಆಧಾರ್ ಮೊದಲನೇ ಗುರುತಿನ ಚೀಟಿ. ಗಂಡನ ಹೆಸರಿನಲ್ಲಿ, ಮಗನ ಹೆಸರಿನಲ್ಲಿ ಬದುಕಿದವರು ಅವರು. ಬ್ಯಾಂಕಿಗೆ ಹೋಗಿ "ನಾನು ಇಂಥವಳು" ಅಂತ ಹೇಳಿಕೊಳ್ಳುವುದು ಸಣ್ಣ ವಿಷಯ ಅಲ್ಲ. ಸ್ಟಾರ್ಮರ್ ಅವರೇ 2025ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಆಧಾರ್ ಕಟ್ಟಿದ ನಂದನ್ ನಿಲೇಕಣಿಯವರನ್ನು ಭೇಟಿ ಮಾಡಿ ಹೋದರಲ್ಲ. ಒಬ್ಬ ಬ್ರಿಟಿಷ್ ಪ್ರಧಾನಿ ಬೆಂಗಳೂರಿನವರ ಕೆಲಸದಿಂದ ಕಲಿಯಲು ಬರುತ್ತಾರೆ ಅನ್ನೋದು ನನಗೆ ಹೆಮ್ಮೆಯೇ.

ಧಾರವಾಡದ ವಕೀಲೆ:

ಹೆಮ್ಮೆ ಪಡೋಣ ಸರ್, ಆದರೆ ಆಧಾರ್ ಕಥೆಯ ಇನ್ನರ್ಧ ಹೇಳದಿದ್ದರೆ ತಪ್ಪಾಗುತ್ತದೆ. ನಿಲೇಕಣಿಯವರು ಬೆಂಗಳೂರಿನವರು ಹೌದು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ನಾಲ್ಕು-ಒಂದರ ತೀರ್ಪಿನಲ್ಲಿ ಆಧಾರ್ ಉಳಿಯಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಕಡ್ಡಾಯ ಅನ್ನೋದು ಬಿದ್ದುಹೋಯಿತು. ಖಾಸಗಿ ಕಂಪನಿಗಳು ಕೇಳುವುದಕ್ಕೆ ದಾರಿ ಮಾಡಿಕೊಟ್ಟಿದ್ದ 57ನೇ ಕಲಮಿನ ಭಾಗವೂ ಹೋಯಿತು. ರೇಷನ್, ವಿಧವಾ ವೇತನದಂಥ ಸರ್ಕಾರಿ ನೆರವಿಗೆ, ಪ್ಯಾನ್ ಕಾರ್ಡಿಗೆ ಕಡ್ಡಾಯ ಮುಂದುವರಿಯಿತು. ಪೂರ್ತಿ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಅಂದ ಒಬ್ಬರು ನ್ಯಾ. ಚಂದ್ರಚೂಡ್.

ಲೆಸ್ಟರ್ ಮೇಡಂ ಕೇಳಿದ್ದಕ್ಕೆ ಬರುತ್ತೇನೆ. ಬ್ರಿಟನ್‌ನಲ್ಲಿ ಇಂಥ ತೀರ್ಪು ಬರಲು ಸಾಧ್ಯವೇ ಇಲ್ಲ. ಅಲ್ಲಿ ನಮ್ಮ ಹಾಗೆ ಒಂದೇ ಕಡೆ ಬರೆದಿಟ್ಟ ಸಂವಿಧಾನ ಇಲ್ಲ. ಪಾರ್ಲಿಮೆಂಟ್ ಮಾಡಿದ ಕಾಯ್ದೆಯನ್ನು ಕೋರ್ಟ್ ರದ್ದು ಮಾಡುವ ಹಾಗಿಲ್ಲ. 1998ರ ಮಾನವ ಹಕ್ಕುಗಳ ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ "ಇದು ಹಕ್ಕುಗಳಿಗೆ ಹೊಂದುವುದಿಲ್ಲ" ಅಂತ ಘೋಷಿಸಬಹುದು, ಅಷ್ಟೇ. ಕಾಯ್ದೆ ಜಾರಿಯಲ್ಲೇ ಇರುತ್ತದೆ. ಬದಲಾಯಿಸುವುದು ಬಿಡುವುದು ಪಾರ್ಲಿಮೆಂಟಿಗೆ ಬಿಟ್ಟದ್ದು.

ನೀವು ಹೇಳಿದ ಬಾಡಿಗೆ ತಪಾಸಣೆಯೇ ನೋಡಿ. 2014ರ ಇಮಿಗ್ರೇಷನ್ ಕಾಯ್ದೆಯಿಂದ ಬಂದದ್ದು, 2016ರಿಂದ ಇಡೀ ಇಂಗ್ಲೆಂಡಿನಲ್ಲಿ ಜಾರಿ. ಇದರಿಂದ ಮನೆ ಮಾಲೀಕರು ಯಾವ ದೇಶದವರು, ಯಾವ ಜನಾಂಗದವರು ಅಂತ ನೋಡಿ ಭೇದ ಮಾಡುತ್ತಾರೆ ಅಂತ 2019ರಲ್ಲಿ ಹೈಕೋರ್ಟ್ ಹೇಳಿತು, ಮಾನವ ಹಕ್ಕುಗಳಿಗೆ ವಿರುದ್ಧ ಅಂತಲೂ ಘೋಷಿಸಿತು. 2020ರಲ್ಲಿ ಮೇಲ್ಮನವಿ ಕೋರ್ಟ್ ಭೇದ ಆಗುತ್ತಿದೆ ಅನ್ನೋದನ್ನು ಒಪ್ಪಿಕೊಂಡೇ, ಸರ್ಕಾರದ ಉದ್ದೇಶಕ್ಕೆ ಅದು ಸಮರ್ಥನೀಯ ಅಂದುಬಿಟ್ಟಿತು. ಆ ತೀರ್ಪು ಓದಿದಾಗ ನನಗೆ ನಿಜಕ್ಕೂ ಸಂಕಟ ಆಯಿತು. ಅನ್ಯಾಯ ಆಗುತ್ತಿದೆ ಅಂತ ಗೊತ್ತಿದ್ದೂ ಇರಲಿ ಬಿಡಿ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಥೇಮ್ಸ್ ದಂಡೆ:

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಈ ದೇಶಕ್ಕೆ ಬಂದು ಬಹಳ ವರ್ಷ ಆಯಿತು, ಟೋನಿ ಬ್ಲೇರ್ ಕಾಲದ ಐಡಿ ಕಾರ್ಡ್ ಜಗಳ ಪೂರ್ತಿ ನೋಡಿದ್ದೇನೆ. ಇಲ್ಲಿ ಕೋರ್ಟ್ ಮಾಡಲಾಗದ್ದನ್ನು ಚುನಾವಣೆ ಮಾಡಿತು. 2006ರಲ್ಲಿ ಐಡಿ ಕಾರ್ಡ್ ಕಾಯ್ದೆ ಬಂತು. 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 30 ಪೌಂಡಿಗೆ ಕಾರ್ಡ್ ಕೊಡಲು ಶುರು ಮಾಡಿದರು. 2010ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ವರ್ಷ ಮುಗಿಯುವುದರೊಳಗೆ ಕಾಯ್ದೆಯೇ ಇಲ್ಲ. ಸುಮಾರು 15,000 ಕಾರ್ಡುಗಳು ವ್ಯರ್ಥ, ಕೊಟ್ಟ ದುಡ್ಡು ವಾಪಸ್ ಇಲ್ಲ. 2011ರ ಫೆಬ್ರುವರಿಯಲ್ಲಿ ಆ ಮಾಹಿತಿ ಇದ್ದ ಹಾರ್ಡ್ ಡಿಸ್ಕುಗಳನ್ನು ಎಸೆಕ್ಸ್‌ನಲ್ಲಿ ಯಂತ್ರಕ್ಕೆ ಹಾಕಿ ಪುಡಿ ಮಾಡಿದರು, ಮಂತ್ರಿ ಡೇಮಿಯನ್ ಗ್ರೀನ್ ಖುದ್ದು ನಿಂತು ಡಿಸ್ಕ್ ಹಾಕಿದರು. ಟಿವಿಯಲ್ಲಿ ಅದನ್ನು ನೋಡಿದಾಗ ನನಗೆ ಈ ದೇಶದ ಮೇಲೆ ಗೌರವ ಬಂತು. ಸರ್ಕಾರ ಒಮ್ಮೆ ಸಂಗ್ರಹಿಸಿದ ಜನರ ಮಾಹಿತಿಯನ್ನು ತಾನೇ ನಾಶ ಮಾಡಿದ್ದು ಎಲ್ಲಿ ಕೇಳಿದ್ದೀರಿ?

ಬ್ರಿಟಿಷರ ಹೆದರಿಕೆಗೆ ಕಾರಣ ಇನ್ನೂ ಹಳೆಯದು. 1939ರಲ್ಲಿ ಯುದ್ಧಕ್ಕೆ ಅಂತ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟರು. ಸೈನ್ಯಕ್ಕೆ ಸೇರಿಸಿಕೊಳ್ಳಲು, ಭದ್ರತೆಗೆ, ರೇಷನ್‌ಗೆ, ಮೂರೇ ಕಾರಣ. ಯುದ್ಧ ಮುಗಿಯಿತು, ಚೀಟಿ ಹೋಗಲಿಲ್ಲ. 1950ರ ಹೊತ್ತಿಗೆ 39 ಸರ್ಕಾರಿ ವಿಭಾಗಗಳು ಅದನ್ನು ಬಳಸುತ್ತಿದ್ದವು. ಆ ವರ್ಷ ಡಿಸೆಂಬರ್‌ನಲ್ಲಿ ಉತ್ತರ ಲಂಡನ್ನಿನ ಫಿಂಚ್ಲಿಯಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಅನ್ನೋ ಲಿಬರಲ್ ಪಕ್ಷದವನ ಕಾರನ್ನು ಪೊಲೀಸ್ ನಿಲ್ಲಿಸಿ ಚೀಟಿ ಕೇಳಿದ. ಕೊಡುವುದಿಲ್ಲ ಅಂದ ಇವನು. ಕೇಸ್ ಮೇಲಿನ ಕೋರ್ಟಿಗೆ ಹೋಯಿತು. ಕಾನೂನಿನ ಲೆಕ್ಕದಲ್ಲಿ ವಿಲ್ಕಾಕ್ ಸೋತ. ಆದರೆ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್, ಯುದ್ಧಕ್ಕೆ ಮಾಡಿದ ಕಾನೂನನ್ನು ದಿನನಿತ್ಯ ಹೀಗೆ ಬಳಸಿದರೆ ಒಳ್ಳೆ ಪ್ರಜೆಗಳೂ ಪೊಲೀಸರ ಮೇಲೆ ಕೋಪಗೊಳ್ಳುತ್ತಾರೆ ಅಂತ ಖಾರವಾಗಿಯೇ ಹೇಳಿದರು. 1952ರ ಫೆಬ್ರುವರಿಯಲ್ಲಿ ಚರ್ಚಿಲ್ ಸರ್ಕಾರ ಚೀಟಿ ಕೈಬಿಟ್ಟಿತು. ಹಾಗಾಗಿ ಜಯನಗರದ ಗೆಳೆಯರೇ, ಇವರದ್ದು ಸುಮ್ನೆ ಹೆದರಿಕೆ ಅಲ್ಲ. ಮೂರು ಕಾರಣಕ್ಕೆ ಅಂತ ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಒಮ್ಮೆ ಅನುಭವಿಸಿದವರು.

ಮಿಡ್‌ಲ್ಯಾಂಡ್ಸ್ ಹೋಟೆಲ್‌ನವ:

ನಾನು ಇಲ್ಲಿ ಸಣ್ಣ ಹೋಟೆಲ್ ನಡೆಸುತ್ತೇನೆ. ಎಲ್ಲರೂ ಹಕ್ಕು ಹಕ್ಕು ಅಂತಿದ್ದೀರಿ, ನನ್ನ ಕಡೆಯಿಂದಲೂ ನೋಡಿ. ಕೆಲಸಕ್ಕೆ ತೆಗೆದುಕೊಳ್ಳುವಾಗ ತಪಾಸಣೆ ಮಾಡದೆ, ಹಕ್ಕಿಲ್ಲದವನು ಸಿಕ್ಕಿಬಿದ್ದರೆ 2024ರ ಫೆಬ್ರುವರಿಯಿಂದ ಒಬ್ಬೊಬ್ಬನಿಗೆ 45,000 ಪೌಂಡ್‌ವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ 60,000. ಒಂದೇ ಏಟಿಗೆ ಅಂಗಡಿ ಮುಚ್ಚಬೇಕು. ಪಕ್ಕದ ಬೀದಿಯವನು ಕಾಗದ ಇಲ್ಲದವರನ್ನು ಅರ್ಧ ಸಂಬಳಕ್ಕೆ ಇಟ್ಟುಕೊಂಡು ನನಗಿಂತ ಕಡಿಮೆ ಬೆಲೆಗೆ ಊಟ ಕೊಡುತ್ತಾನೆ. ನಿಯಮ ಪಾಲಿಸುವ ನಾನು ಮೂರ್ಖನಾ? ಒಂದೇ ಐಡಿ, ಫೋನಿನಲ್ಲಿ ತೋರಿಸಿದರೆ ಆಯಿತು ಅಂದ್ರೆ ನನಗೆ ಅನುಕೂಲವೇ. ಕೆಲಸ ಕೇಳಿಕೊಂಡು ಬಂದವರ ಹತ್ತಿರ ಹತ್ತು ಥರದ ಕಾಗದ ನೋಡಿ ಅಸಲಿ ಯಾವುದು ನಕಲಿ ಯಾವುದು ಅಂತ ನಾನು ಹೇಗೆ ಹೇಳಲಿ? ನಾನೇನು ಇಮಿಗ್ರೇಷನ್ ಆಫೀಸರ್ ಅಲ್ಲ.

ಲೆಸ್ಟರ್ ಕನ್ನಡತಿ:

ಅಣ್ಣ, ನಿಮ್ಮ ಕೊನೆಯ ವಾಕ್ಯವೇ ನನ್ನ ವಾದ. ನೀವು ಇಮಿಗ್ರೇಷನ್ ಆಫೀಸರ್ ಅಲ್ಲ, ನನ್ನ ಏಜೆಂಟ್ ಹುಡುಗನೂ ಅಲ್ಲ. ಆದರೆ ಇಲ್ಲಿನ ವಲಸೆ ಕಾಯ್ದೆಗಳು ನಿಮ್ಮಿಬ್ಬರನ್ನೂ ಹಾಗೆ ಮಾಡಿ ಕೂರಿಸಿವೆ. ದಂಡದ ಭಯ ನಿಮ್ಮ ತಲೆ ಮೇಲೆ ತೂಗುತ್ತಿರುವಾಗ ಅನುಮಾನ ಬಂದರೆ ನೀವು "ಬೇಡ" ಅಂತಲೇ ಅನ್ನುತ್ತೀರಿ, ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಪಕ್ಕದ ಬೀದಿಯವನ ವಿಷಯಕ್ಕೆ ಬಂದರೆ, ಅವನು ಈಗಿರುವ ತಪಾಸಣೆಯನ್ನೇ ಮಾಡುತ್ತಿಲ್ಲ ಅಲ್ವಾ? ಹೊಸ ಐಡಿ ಬಂದರೆ ಅದನ್ನು ಕೇಳುತ್ತಾನಾ? ಅವನಿಗೆ ಬೇಕಾದದ್ದು ಅವನ ಅಡುಗೆಮನೆಗೆ ಹೋಗಿ ನೋಡುವ ಇನ್ಸ್‌ಪೆಕ್ಟರ್. ಸಂಬಳ ಸರಿಯಾಗಿ ಕೊಡುತ್ತಿದ್ದಾನಾ ಅಂತ ಕೇಳುವವರು ಬೇಕು. ಅದಕ್ಕೆ ಖರ್ಚಾಗುತ್ತದೆ. ಆ್ಯಪ್ ಮಾಡಿದೆವು ಅನ್ನುವುದು ಸುಲಭ.

ತೀರ್ಥಹಳ್ಳಿ ಮಳೆ:

ಹಳ್ಳಿಯಲ್ಲಿ ಕೂತು ಓದುತ್ತಿದ್ದೇನೆ, ಬ್ರಿಟನ್ ನೋಡಿಲ್ಲ. ಆದರೆ ಈ ಸ್ಕ್ರೀನಿನ ಕಥೆ ನಮಗೆ ಚೆನ್ನಾಗಿ ಗೊತ್ತು. ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮೂರಿನ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿದರೆ ಮಷಿನ್ ತಗೊಳ್ಳುವುದಿಲ್ಲ. ಅಡಿಕೆ ಸುಲಿದು ಸುಲಿದು ಗೆರೆ ಸವೆದುಹೋಗಿವೆ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸುತ್ತಾರೆ, ಬೇರೆ ಬೆರಳು ಇಡುತ್ತಾರೆ, ಅಂಗಡಿಯವನು "ಸರ್ವರ್ ಇಲ್ಲ, ನಾಳೆ ಬಾ ಅಜ್ಜಿ" ಅನ್ನುತ್ತಾನೆ. ಅಂಗಡಿಯವನಿಗೆ ಅಜ್ಜಿ ಹುಟ್ಟಿದಾಗಿನಿಂದ ಗೊತ್ತು! ಅವನ ಅಪ್ಪನ ಮದುವೆಗೆ ಹೋಗಿ ಊಟ ಮಾಡಿ ಬಂದವರು ಅವರು. ಎದುರಿಗೆ ನಿಂತಿರುವುದು ಇಂಥವರೇ ಅಂತ ಗೊತ್ತಿದ್ದರೂ ಅಕ್ಕಿ ಕೊಡುವ ಅಧಿಕಾರ ಅವನಿಗಿಲ್ಲ. ಜಯನಗರದ ಸರ್ ಹೇಳಿದ ಪಿಂಚಣಿ ವಿಷಯ ಸತ್ಯವೇ, ಮಧ್ಯದಲ್ಲಿ ತಿನ್ನುವವರು ಕಡಿಮೆಯಾಗಿದ್ದಾರೆ. ಆದರೆ ತಿನ್ನುವವನ ಹತ್ತಿರ ಜಗಳ ಆಡಬಹುದಿತ್ತು. ಮಷಿನ್ ಹತ್ತಿರ ಆಡಲಾಗುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:

ಇದಕ್ಕೆ ನನ್ನ ಹತ್ತಿರ ತಕರಾರಿಲ್ಲ. ಬೆರಳು ಬರದಿದ್ದರೆ ಓಟಿಪಿ, ಕಣ್ಣು, ಅದೂ ಆಗದಿದ್ದರೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಕೊಡಬೇಕು. ಆ ಬದಲಿ ದಾರಿ ಅಜ್ಜಿಯ ಹಕ್ಕಾಗಿರಬೇಕು, ಅಂಗಡಿಯವನ ಮರ್ಜಿ ಆಗಿರಬಾರದು ಅಂತ ನಾನೂ ಒಪ್ಪುತ್ತೇನೆ. ಆದರೂ ವ್ಯವಸ್ಥೆಯೇ ಬೇಡ ಅನ್ನುವವರ ಜೊತೆ ನಾನಿಲ್ಲ. ಕಾಗದ ಇಲ್ಲದವರ ಕಷ್ಟ ಬ್ರಿಟನ್‌ನಲ್ಲೂ ಇರಬೇಕಲ್ಲ? ಒಂದು ಐಡಿ ಇದ್ದಿದ್ದರೆ ಅವರಿಗೆ ಒಳ್ಳೆಯದೇ ಆಗುತ್ತಿತ್ತು.

ಥೇಮ್ಸ್ ದಂಡೆ:

ಇತ್ತು, ಅದಕ್ಕೆ ಇಲ್ಲಿ ವಿಂಡ್‌ರಶ್ ಹಗರಣ ಅನ್ನುತ್ತಾರೆ. ಯುದ್ಧ ಆದ ಮೇಲೆ ಕೆರಿಬಿಯನ್ ದ್ವೀಪಗಳಿಂದ ಬಂದು ಬಸ್ ಓಡಿಸಿದವರು, ಆಸ್ಪತ್ರೆಯಲ್ಲಿ ದುಡಿದವರು, ಅಪ್ಪ ಅಮ್ಮನ ಜೊತೆ ಸಣ್ಣ ಮಕ್ಕಳಾಗಿ ಬಂದವರು. ಕಾನೂನಿನ ಪ್ರಕಾರ ಇಲ್ಲೇ ಇರುವ ಹಕ್ಕು ಇತ್ತು, ಸರ್ಕಾರ ಕಾಗದ ಕೊಟ್ಟಿರಲಿಲ್ಲ. ಅವರು ಬಂದಿಳಿದ ದಿನಾಂಕ ಇದ್ದ ಹಳೇ ಲ್ಯಾಂಡಿಂಗ್ ಕಾರ್ಡುಗಳನ್ನು ಹೋಮ್ ಆಫೀಸ್ 2010ರಲ್ಲಿ ನಾಶ ಮಾಡಿತು. ಆಮೇಲೆ ಅದೇ ಇಲಾಖೆ ಅವರನ್ನು "ನೀವು ಇಲ್ಲಿದ್ದಿರಿ ಅನ್ನೋದಕ್ಕೆ ವರ್ಷ ವರ್ಷದ ಪುರಾವೆ ಕೊಡಿ" ಅಂತ ಕೇಳಿತು. ಕೆಲಸ ಹೋಯಿತು, ಮನೆ ಹೋಯಿತು, ಕ್ಯಾನ್ಸರ್ ಚಿಕಿತ್ಸೆ ನಿಂತವರಿದ್ದಾರೆ, ಗಡೀಪಾರಾದವರಿದ್ದಾರೆ. 2018ರ ಏಪ್ರಿಲ್‌ನಲ್ಲಿ ಗೃಹ ಮಂತ್ರಿ ಆ್ಯಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರಕ್ಕೆ ಕಾಯುತ್ತಲೇ ತೀರಿಕೊಂಡವರು ಎಷ್ಟೋ ಮಂದಿ.

ಈಗ ಹೇಳಿ, ಅವರ ಕಷ್ಟಕ್ಕೆ ಕಾರ್ಡ್ ಇಲ್ಲದ್ದು ಕಾರಣವಾ, ಅಥವಾ ಕಾರ್ಡ್ ಇಲ್ಲದವನು ಕಳ್ಳ ಅಂತ ಮೊದಲೇ ತೀರ್ಮಾನ ಮಾಡಿದ್ದು ಕಾರಣವಾ? ನನ್ನ ಪ್ರಕಾರ ಎರಡನೆಯದು. 2012ರಲ್ಲಿ ಥೆರೆಸಾ ಮೇ ಗೃಹ ಮಂತ್ರಿಯಾಗಿದ್ದಾಗ ಅಕ್ರಮ ವಲಸಿಗರಿಗೆ "ಪ್ರತಿಕೂಲ ವಾತಾವರಣ" ಸೃಷ್ಟಿಸುತ್ತೇವೆ ಅಂತ ಬಾಯಿ ಬಿಟ್ಟು ಹೇಳಿದ್ದರು. ಆ ವಾತಾವರಣ ಸಕ್ರಮ ಯಾರು ಅಕ್ರಮ ಯಾರು ಅಂತ ನೋಡಿಕೊಂಡು ಬೀಸಲಿಲ್ಲ.

ರಾತ್ರಿ ಪಾಳಿ ನರ್ಸ್:

ಅಕ್ಕ, ನಾನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುತ್ತೇನೆ, ಮೊದಲಿಗೆ ಮಂಡ್ಯದವಳು. ಊರಿಗೆ ಹೋಗಿ ವಾಪಸ್ ಬರುವಾಗ ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿ "ವೀಸಾ ಎಲ್ಲಿ" ಅಂದರು. ಪಾಸ್‌ಪೋರ್ಟಿನಲ್ಲಿ ಸ್ಟಿಕರ್ ಇಲ್ಲ, ಕಾರ್ಡ್ ಇಲ್ಲ. ಫೋನಿನಲ್ಲಿ ತೆಗೆದು ತೋರಿಸೋಣ ಅಂದ್ರೆ ಲಾಗಿನ್ ಕೋಡ್ ನನ್ನ ಯುಕೆ ನಂಬರಿಗೆ ಹೋಗುತ್ತದೆ, ಆ ಸಿಮ್ ಅಲ್ಲಿ ಸಿಗ್ನಲ್ ಹಿಡಿಯಲಿಲ್ಲ. ಹಿಂದೆ ಸಾಲಿನಲ್ಲಿ ಜನ, ಪಕ್ಕದಲ್ಲಿ ಮಗು ಅಳುತ್ತಿದೆ, ಹೊರಗೆ ಅಪ್ಪ ಗಾಜಿನ ಆಚೆಯಿಂದ ನೋಡುತ್ತಿದ್ದಾರೆ. ಕೊನೆಗೆ ಕೌಂಟರಿನವರು ಅವರ ಮೇಲಿನವರಿಗೆ ಫೋನ್ ಮಾಡಿ ಕೇಳಿ ಬಿಟ್ಟರು. ಬಿಡದಿದ್ದರೆ ಟಿಕೆಟ್ ದುಡ್ಡೂ ಹೋಗುತ್ತಿತ್ತು, ಪಾಳಿಯೂ ತಪ್ಪುತ್ತಿತ್ತು. ನನ್ನ ಹಕ್ಕು ನನ್ನ ಕೈಯಲ್ಲಿ ಇರಲಿಲ್ಲ ಅನ್ನೋದೇ ನನಗೆ ಹೆಚ್ಚು ನೋವಾದದ್ದು. ಎಲ್ಲರೂ ಹೋಗುವಾಗ ಕೋಡ್ ಇ-ಮೇಲಿಗೆ ಬರುವ ಹಾಗೆ ಮೊದಲೇ ಬದಲಾಯಿಸಿಕೊಳ್ಳಿ, ಪಾಸ್‌ಪೋರ್ಟ್ ಹೊಸದಾಗಿದ್ದರೆ ಖಾತೆಗೆ ಸೇರಿಸಿ.

ಧಾರವಾಡದ ವಕೀಲೆ:

ಸಿಸ್ಟರ್ ಹೇಳಿದ್ದು ಓದಿ ಬೇಜಾರಾಯಿತು. ಇನ್ನೊಂದು ವಿಷಯವೂ ಬ್ರಿಟನ್‌ನಲ್ಲಿರುವವರಿಗೆ ಗೊತ್ತಿರಲಿ. ನಿಮ್ಮ ಬಗ್ಗೆ ಸರ್ಕಾರದ ಹತ್ತಿರ ಏನು ದಾಖಲೆ ಇದೆ ಅಂತ ಕೇಳಿ ಪಡೆಯುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ಆದರೆ 2018ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ವಲಸೆ ನಿಯಂತ್ರಣಕ್ಕೆ ಅಡ್ಡಿಯಾಗುತ್ತದೆ ಅನಿಸಿದರೆ ಕೊಡದೆ ಇರಬಹುದು ಅನ್ನೋ ವಿನಾಯಿತಿ ಸೇರಿಸಿದರು. ಅಂದರೆ ತಪ್ಪು ದಾಖಲೆಯಿಂದ ಹೆಚ್ಚು ಪೆಟ್ಟು ತಿನ್ನುವವರಿಗೇ ಅದನ್ನು ನೋಡುವ ಹಕ್ಕು ಕಡಿಮೆ. ಓಪನ್ ರೈಟ್ಸ್ ಗ್ರೂಪ್ ಮತ್ತು ದಿ ತ್ರೀ ಮಿಲಿಯನ್ ಅನ್ನೋ ಸಂಘಟನೆಗಳು ಕೋರ್ಟಿಗೆ ಹೋದವು. 2021ರಲ್ಲಿ ಮೇಲ್ಮನವಿ ಕೋರ್ಟ್ ಅದು ಕಾನೂನುಬಾಹಿರ ಅಂದಿತು. ಸರ್ಕಾರ ತಿದ್ದಿತು, 2023ರಲ್ಲಿ ಅದೂ ಸಾಲದು ಅಂತ ಮತ್ತೆ ತೀರ್ಪು ಬಂತು.

ಗದಗ ಟು ಗ್ಲಾಸ್ಗೊ:

ನಾನು ಸಾಫ್ಟ್‌ವೇರ್ ಬರೆಯುವವನು. ಕಂಪ್ಯೂಟರ್ ಹೇಳಿದ್ದೇ ಸತ್ಯ ಅಂತ ನಂಬಿದರೆ ಏನಾಗುತ್ತದೆ ಅನ್ನೋದಕ್ಕೆ ಇಲ್ಲಿ ಪೋಸ್ಟ್ ಆಫೀಸ್ ಕೇಸೇ ಇದೆ. 1999ರಿಂದ ಅಂಚೆ ಕಚೇರಿಗಳ ಲೆಕ್ಕಕ್ಕೆ ಹೊರೈಜನ್ ಅನ್ನೋ ಫುಜಿತ್ಸು ಕಂಪನಿಯ ಸಾಫ್ಟ್‌ವೇರ್ ಹಾಕಿದರು. ಅದು ತೋರಿಸಿದ ಸುಳ್ಳು ಕೊರತೆಗಳ ಮೇಲೆ ಅಂಗಡಿ ಜೊತೆಗೆ ಅಂಚೆ ಕಚೇರಿ ನಡೆಸುವ 900ಕ್ಕೂ ಜಾಸ್ತಿ ಸಬ್ ಪೋಸ್ಟ್‌ಮಾಸ್ಟರ್‌ಗಳಿಗೆ ಕಳ್ಳತನ, ಮೋಸದ ಶಿಕ್ಷೆ ಆಯಿತು. ಅವರಲ್ಲಿ ಮೂಲೆ ಅಂಗಡಿ ನಡೆಸುತ್ತಿದ್ದ ಭಾರತೀಯರು ತುಂಬಾ ಮಂದಿ. ಸೀಮಾ ಮಿಶ್ರಾ ಅವರನ್ನು 2010ರಲ್ಲಿ ಬಸುರಿಯಾಗಿದ್ದಾಗಲೇ ಜೈಲಿಗೆ ಹಾಕಿದರು. ಇದಕ್ಕೆ ಒಂದು ಕಾನೂನಿನ ಹಿನ್ನೆಲೆ ಇದೆ. ಮೊದಲು ಕಂಪ್ಯೂಟರಿನ ದಾಖಲೆಯನ್ನು ಸಾಕ್ಷಿಯಾಗಿ ತಂದರೆ ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕಿತ್ತು. 1999ರ ಕಾಯ್ದೆಯಿಂದ ಆ ಕಲಮನ್ನು ತೆಗೆದುಹಾಕಿದರು. ಅಲ್ಲಿಂದ ಕಂಪ್ಯೂಟರ್ ಸರಿ ಇದೆ ಅಂತಲೇ ಕೋರ್ಟ್ ಭಾವಿಸುತ್ತದೆ, ತಪ್ಪಿದೆ ಅಂತ ತೋರಿಸುವ ಹೊಣೆ ಆರೋಪಿಯದ್ದು. ಹಳ್ಳಿಯ ಅಂಚೆ ಅಂಗಡಿಯವನು ಅಷ್ಟು ದೊಡ್ಡ ಕಂಪನಿಯ ಕೋಡಿನಲ್ಲಿ ತಪ್ಪು ಹುಡುಕಬೇಕಂತೆ! ಅಲನ್ ಬೇಟ್ಸ್ ಅನ್ನೋ ಸಬ್ ಪೋಸ್ಟ್‌ಮಾಸ್ಟರ್ ಮತ್ತು ಜೊತೆಗಾರರು 2019ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು, ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟ್ ವಿಶೇಷ ಕಾಯ್ದೆ ಮಾಡಬೇಕಾಯಿತು.

ನನಗೆ ಡಿಜಿಟಲ್ ಬಗ್ಗೆ ದ್ವೇಷ ಇಲ್ಲ, ಅನ್ನ ಕೊಡುವುದೇ ಅದು. ದಿನವೂ ತಪ್ಪು ತಿದ್ದುತ್ತೇನೆ, ತಪ್ಪಿಲ್ಲದ ಸಾಫ್ಟ್‌ವೇರ್ ಇಲ್ಲ ಅಂತ ನನ್ನ ಕಸುಬಿನವರಿಗೆಲ್ಲ ಗೊತ್ತು. ಹಾಗಿರುವಾಗ ತಪ್ಪಿನ ಹೊಣೆ ವ್ಯವಸ್ಥೆ ನಡೆಸುವವನ ಮೇಲೆ ಇರಬೇಕು.

ಲೆಸ್ಟರ್ ಕನ್ನಡತಿ:

ನಾನು ಮೊದಲು ಕೇಳಿದ್ದಕ್ಕೆ ಇದೇ ಉತ್ತರ ಅಂತ ಅನಿಸುತ್ತಿದೆ. ಡಿಜಿಟಲ್ ಐಡಿ ತರುವ ಕಾಯ್ದೆಯಲ್ಲೇ ಇದನ್ನು ಬರೆಯಲಿ: ಸ್ಕ್ರೀನ್ ತೆರೆಯದಿದ್ದರೆ, ತಪ್ಪು ತೋರಿಸಿದರೆ, ನನ್ನ ಕೆಲಸ, ನನ್ನ ಮನೆ ನಿಲ್ಲಬಾರದು. ಇರುವ ಅನುಮತಿ ಇಲ್ಲ ಅಂತ ಸರ್ಕಾರ ತೋರಿಸುವವರೆಗೆ ಇದೆ ಅಂತಲೇ ನಡೆಯಬೇಕು. ಕೈಯಲ್ಲಿ ಹಿಡಿಯುವ ಒಂದು ಕಾರ್ಡ್ ಕೇಳಿದವರಿಗೆ ಕೊಡಬೇಕು. ಫೋನ್ ಮಾಡಿದರೆ ಎತ್ತುವ, ಅದೇ ದಿನ ಸರಿ ಮಾಡುವ ಅಧಿಕಾರ ಇರುವ ಮನುಷ್ಯ ಬೇಕು. ಆ ಹೊತ್ತಿನಲ್ಲಿ ನನ್ನನ್ನು ನಂಬಿದ ಏಜೆಂಟಿಗೆ, ಹೋಟೆಲ್ ಅಣ್ಣನಿಗೆ ದಂಡ ಹಾಕಬಾರದು. ಇಷ್ಟಿದ್ದರೆ ನಾನೇ ಮೊದಲು ಹೋಗಿ ಐಡಿ ಮಾಡಿಸುತ್ತೇನೆ. ಇದಿಲ್ಲದೆ ಬಂದರೆ, ಬ್ರಿಟಿಷ್ ಪ್ರಜೆಗಳಿಗೂ ನಮ್ಮ ಗತಿಯೇ.

ಮಿಡ್‌ಲ್ಯಾಂಡ್ಸ್ ಹೋಟೆಲ್‌ನವ:

ಕೊನೆಯ ಮಾತಿಗೆ, ಅಂದರೆ ದಂಡದ ವಿಷಯಕ್ಕೆ, ನನ್ನ ಪೂರ್ತಿ ಬೆಂಬಲ ಇದೆ ತಂಗಿ. ಉಳಿದದ್ದಕ್ಕೆ ಸರ್ಕಾರದವರ ಹತ್ತಿರ ಅಷ್ಟು ಜನ ಎಲ್ಲಿದ್ದಾರೆ ಅನ್ನೋ ಅನುಮಾನ ಹಾಗೇ ಇದೆ.

ಎಂಎಸ್ಸಿ ಮಾಡ್ತಿರೋ ಹುಡುಗ:

ನಾನು ಸ್ಟೂಡೆಂಟ್ ವೀಸಾದಲ್ಲಿ ಇದ್ದೇನೆ. ಇಷ್ಟೆಲ್ಲ ಓದಿದ ಮೇಲೆ ಏನಾದರೂ ಮಾಡಬೇಕು ಅನಿಸುತ್ತಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಾವು ಇಲ್ಲಿ ಏನು ಮಾಡಲು ಸಾಧ್ಯ? ಓಟು ಕೂಡ ಇಲ್ಲ ಅಲ್ವಾ?

ಥೇಮ್ಸ್ ದಂಡೆ:

ಓಟು ಇದೆ ಮಾರಾಯ! ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸವಿದ್ದು ಇರಲು ಅನುಮತಿ ಇದ್ದರೆ, ಸ್ಟೂಡೆಂಟ್ ವೀಸಾ ಆದರೂ, ಪಾರ್ಲಿಮೆಂಟ್ ಚುನಾವಣೆಗೂ ಕೌನ್ಸಿಲ್ ಚುನಾವಣೆಗೂ ಓಟು ಹಾಕಬಹುದು. ಆನ್‌ಲೈನಿನಲ್ಲಿ ಹೆಸರು ಸೇರಿಸಿಕೊಳ್ಳಿ, ಐದು ನಿಮಿಷದ ಕೆಲಸ. ಮತಗಟ್ಟೆಗೆ ಫೋಟೊ ಇರುವ ಗುರುತಿನ ಚೀಟಿ ಒಯ್ಯಬೇಕು, 2022ರ ಕಾಯ್ದೆಯಿಂದ ಅದು ಕಡ್ಡಾಯ. 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಚೀಟಿ ಇಲ್ಲದೆ ಸುಮಾರು 14,000 ಮಂದಿ ಓಟು ಹಾಕದೆ ವಾಪಸ್ ಹೋದರು. ಆ ಕಾಯ್ದೆ ತಂದ ಬೋರಿಸ್ ಜಾನ್ಸನ್ ಅವರೇ 2024ರಲ್ಲಿ ಚೀಟಿ ಮರೆತು ಹೋಗಿ, ಮನೆಗೆ ಹೋಗಿ ತರಬೇಕಾಯಿತು. ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಅದಕ್ಕಿಂತ ಮೊದಲು ನಿಮ್ಮ ಕ್ಷೇತ್ರದ ಎಂಪಿಗೆ ಬರೆಯಿರಿ. ಡಿಜಿಟಲ್ ಐಡಿ ಒಳ್ಳೆಯದೋ ಕೆಟ್ಟದ್ದೋ ಅಂತ ಉದ್ದ ಭಾಷಣ ಬೇಡ. ಇಂಥ ದಿನ ಶೇರ್ ಕೋಡ್ ಬರಲಿಲ್ಲ, ಇಂಥದ್ದು ಕೈತಪ್ಪಿತು, ಅಷ್ಟು ಬರೆದು ಸ್ಕ್ರೀನ್‌ಶಾಟ್ ಇಡಿ. ಹೋಮ್ ಆಫೀಸಿನಲ್ಲಿ ಎಂಪಿಗಳ ಪತ್ರಕ್ಕೆ ಬೇರೆಯೇ ದಾರಿ ಇದೆ, ನಾವು ಫೋನ್ ಹಿಡಿದು ಕಾಯುವುದಕ್ಕಿಂತ ಬೇಗ ನೋಡುತ್ತಾರೆ. ಪತ್ರದಲ್ಲಿ ಮನೆ ವಿಳಾಸ, ಪೋಸ್ಟ್‌ಕೋಡ್ ಇರಲೇಬೇಕು. ಅದಿಲ್ಲದಿದ್ದರೆ ತಮ್ಮ ಕ್ಷೇತ್ರದವರು ಹೌದೋ ಅಲ್ಲವೋ ಗೊತ್ತಾಗದೆ ಪಕ್ಕಕ್ಕೆ ಇಟ್ಟುಬಿಡುತ್ತಾರೆ.

ರಾತ್ರಿ ಪಾಳಿ ನರ್ಸ್:

ನಾನು ಇವತ್ತೇ ಬರೆಯುತ್ತೇನೆ ಸರ್. ನಮ್ಮ ವಾರ್ಡಿನಲ್ಲಿ ಕೇರಳದವರು, ಫಿಲಿಪೀನ್ಸ್‌ನವರು ಇದ್ದಾರೆ, ಅವರದ್ದೂ ಇದೇ ಕಥೆ. ಅವರಿಗೂ ಹೇಳುತ್ತೇನೆ, ಒಂದೇ ಎಂಪಿಗೆ ನಾಲ್ಕೈದು ಪತ್ರ ಹೋಗಲಿ.